ತವರಿನಿಂದ ಬಂದ ಗೌರಿ

ಪ್ರಶ್ನೆ: ನಮ್ಮದು ಮೈಸೂರು. ನಮ್ಮ ಮನೆಯವರು ಟಾಂಗಾ ಓಡಿಸುತ್ತಾರೆ, ಮದುವೆ ಕಾಲದಲ್ಲಿ ಸಾರೋಟು. ಹೋದ ಗೌರಿ ಹಬ್ಬಕ್ಕೆ ನನ್ನ ಅಣ್ಣ ಒಂದು ಹೆಣ್ಣು ಕುದುರೆಯನ್ನು ಕಡಿಮೆ ದುಡ್ಡಿಗೆ ಕೊಟ್ಟ. ಅವನೂ ಅದನ್ನು ಆಷಾಢದಲ್ಲಷ್ಟೇ ಯಾರಿಂದಲೋ ಕೊಂಡಿದ್ದ. ಗೌರಿ ಅಂತಲೇ ಹೆಸರಿಟ್ಟೆವು. ಈಗ ಮೇ ತಿಂಗಳು, ಹದಿನೈದು ದಿನದಿಂದ ಕೆಚ್ಚಲು ಬಿಟ್ಟಿದೆ, ಹೊಟ್ಟೆ ಜೋತುಬಿದ್ದಿದೆ. ‘ನಿಮ್ಮಣ್ಣ ಗೊತ್ತಿದ್ದೂ ಗಬ್ಬದ ಕುದುರೆ ತಲೆಗೆ ಕಟ್ಟಿದ’ ಅಂತ ಇವರು ಅಣ್ಣನ ಹತ್ತಿರ ಮಾತು ಬಿಟ್ಟಿದ್ದಾರೆ. ‘ನಿಮ್ಮ ಪಕ್ಕದ ಲಾಯದ ಗಂಡು ಮರಿಯದ್ದೇ ಕೆಲಸ’ ಅಂತ ಅಣ್ಣ. ಈ ತಿಂಗಳು ನಾಲ್ಕು ಮದುವೆಗೆ ಅಡ್ವಾನ್ಸ್ ಬೇರೆ ತೆಗೆದುಕೊಂಡಾಗಿದೆ. ನಾನು ಯಾರ ಕಡೆ ನಿಲ್ಲಲಿ?

ಉತ್ತರ: ಸದ್ಯಕ್ಕೆ ಕುದುರೆಯ ಕಡೆ ನಿಲ್ಲಿ ತಂಗಿ. ಗಂಡ, ಅಣ್ಣ ಇಬ್ಬರೂ ಇನ್ನೊಂದು ತಿಂಗಳು ಮುನಿಸಿಕೊಂಡಿದ್ದರೂ ಯಾರಿಗೂ ಏನೂ ಆಗುವುದಿಲ್ಲ. ಗೌರಿಗೆ ಅಷ್ಟು ಸಮಯ ಇಲ್ಲ.

ನಿಮ್ಮ ಪತ್ರವನ್ನು ಪರಿಚಯದ ಪಶುವೈದ್ಯರೊಬ್ಬರಿಗೆ ಓದಿ ಹೇಳಿದೆ. ಅವರ ಮೊದಲ ಮಾತು, ‘ಗಬ್ಬವೇ ಅಂತ ಯಾರು ಹೇಳಿದರು?’ ನಿಮ್ಮಿಬ್ಬರ ಮನೆಯ ಜಗಳದಲ್ಲಿ ಈ ಪ್ರಶ್ನೆ ಯಾರಿಗೂ ಹೊಳೆದಿಲ್ಲ ನೋಡಿ! ಬರೀ ಒಣಹುಲ್ಲು ತಿಂದ ಕುದುರೆಗೂ, ಹೊಟ್ಟೆಹುಳು ಇರುವ ಕುದುರೆಗೂ ಹೊಟ್ಟೆ ಜೋಲುತ್ತದೆ. ಕೆಚ್ಚಲು ಒಂದೇ ಕಡೆ ಬಿಸಿಯಾಗಿ, ಮುಟ್ಟಿದರೆ ಒದೆಯುವಂತಿದ್ದರೆ ಅದು ಕೆಚ್ಚಲುಬಾವು ಇರಬಹುದು. ಗಬ್ಬವೇ ಆಗಿದ್ದು, ದಿನ ತುಂಬುವ ಮೊದಲೇ ಕೆಚ್ಚಲು ಬಿಗಿದು ಹಾಲು ಸೋರುತ್ತಿದ್ದರೆ ಅದೂ ಒಳ್ಳೆಯ ಲಕ್ಷಣವಲ್ಲ. ಹೊಟ್ಟೆಯೊಳಗೆ ಮರಿಯನ್ನು ಸುತ್ತಿರುವ ಮಾಸಿಗೆ ಸೋಂಕಾಗಿದ್ದರೂ, ಅವಳಿ ಇದ್ದರೂ ಹಾಗಾಗುತ್ತದೆ. ಆದ್ದರಿಂದ ಈ ವಾರವೇ ವೈದ್ಯರನ್ನು ಕರೆಸಿ. ಇಷ್ಟು ದಿನ ತುಂಬಿದ್ದರೆ ಅವರು ಒಳಗೆ ಕೈ ಹಾಕಿ ನೋಡಿಯೇ ಹೇಳಿಬಿಡುತ್ತಾರೆ. ಯಾರನ್ನು ಕರೆಯಬೇಕೆಂದು ತಿಳಿಯದಿದ್ದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಗಬ್ಬ ಖಚಿತವಾಯಿತು ಎಂದಿಟ್ಟುಕೊಳ್ಳಿ. ಆಗ ನಿಮ್ಮ ಮನೆಯ ಜಗಳ ಲೆಕ್ಕಕ್ಕೆ ಬರುತ್ತದೆ. ಕುದುರೆ ಹನ್ನೊಂದು ತಿಂಗಳು ಹೊರುತ್ತದೆ, ಸುಮಾರು 340 ದಿನ. ಒಂದೆರಡು ವಾರ ಆಚೆ ಈಚೆ ಆಗುವುದು ಮಾಮೂಲು. ಈಯಲು ನಾಲ್ಕಾರು ವಾರ ಇರುವಾಗ ಕೆಚ್ಚಲು ಬಿಡುತ್ತದೆ. ನಿಮ್ಮ ಗೌರಿ ಕೆಚ್ಚಲು ಬಿಟ್ಟು ಎರಡು ವಾರವಾಗಿದ್ದರೆ ಜೂನ್ ಮೊದಲ ಭಾಗದಲ್ಲಿ ಈಯಬಹುದು. ಅಲ್ಲಿಂದ ಹಿಂದಕ್ಕೆ ಎಣಿಸಿ: ಹೋದ ವರ್ಷದ ಜೂನ್ ಕೊನೆ, ಜುಲೈ ಮೊದಲು. ನಿಮ್ಮ ಮನೆಗೆ ಬಂದೇ ಎಂಟು ತಿಂಗಳಾಗಿರುವಾಗ ಪಕ್ಕದ ಲಾಯದ ಗಂಡು ಮರಿಯ ಮೇಲೆ ಹಾಕಿದ ಅಪವಾದ ಬಿದ್ದುಹೋಯಿತು. ಪಾಪ, ಅದನ್ನು ಬಿಟ್ಟುಬಿಡಿ.

ಹಾಗಾದರೆ ಅಣ್ಣನಿಗೆ ಗೊತ್ತಿತ್ತೇ? ಗೌರಿ ಹಬ್ಬದ ಹೊತ್ತಿಗೆ ಗಬ್ಬಕ್ಕೆ ಎರಡು ತಿಂಗಳು ಆಗಿರಬಹುದು, ಅಷ್ಟೆ. ಎರಡು ತಿಂಗಳ ಗಬ್ಬ ಹೊರಗಿನಿಂದ ಯಾರ ಕಣ್ಣಿಗೂ ಕಾಣುವುದಿಲ್ಲ. ಆಗ ಸ್ಕ್ಯಾನ್ ಮಾಡಿಸಬೇಕಿತ್ತು, ಇಲ್ಲವೇ ರಕ್ತ ಪರೀಕ್ಷೆ. ಗಬ್ಬವಾದ ಮೇಲೂ ಕೆಲವು ಕುದುರೆ ಬೆದೆಗೆ ಬಂದಂತೆ ಆಡುವುದುಂಟು, ಅದನ್ನು ನೋಡಿ ಮೋಸಹೋದವರೂ ಇದ್ದಾರೆ. ಹೊಟ್ಟೆಯೊಳಗಿನ ಮರಿ ಹೆಚ್ಚಿನ ಪಾಲು ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ಆ ಮೂರು ತಿಂಗಳೂ ಗೌರಿ ಇದ್ದದ್ದು ನಿಮ್ಮ ಲಾಯದಲ್ಲಿ. ದಿನಾ ಎರಡು ಹೊತ್ತು ಮೈ ಉಜ್ಜಿ ಹುರುಳಿ ಹಾಕುವ ನಿಮ್ಮ ಮನೆಯವರಿಗೆ ಒಂಬತ್ತನೆಯ ತಿಂಗಳಲ್ಲೂ ಕಾಣದೆ ಹೋದದ್ದು, ಎರಡನೆಯ ತಿಂಗಳಲ್ಲಿ ನಿಮ್ಮ ಅಣ್ಣನಿಗೆ ಹೇಗೆ ಕಾಣಬೇಕಿತ್ತು? ಈ ಮಾತನ್ನು ಅವರಿಗೆ ಚುಚ್ಚುವಂತೆ ಹೇಳಬೇಡಿ. ಊಟ ಆದ ಮೇಲೆ, ಕ್ಯಾಲೆಂಡರ್ ಹಿಡಿದುಕೊಂಡು, ‘ರೀ, ಒಂದು ಲೆಕ್ಕ ಮಾಡೋಣ ಬನ್ನಿ’ ಅನ್ನಿ. ಅಗ್ಗಕ್ಕೆ ಕೊಟ್ಟನಲ್ಲ ಎನ್ನುತ್ತಾರೆ. ತಂಗಿಗೆ ಅಣ್ಣ ಅಗ್ಗಕ್ಕೆ ಕೊಡದೆ ಇನ್ಯಾರಿಗೆ ಕೊಡಬೇಕು!

ಮದುವೆಯ ಅಡ್ವಾನ್ಸ್ ವಿಷಯದಲ್ಲಿ ಮಾತ್ರ ನನ್ನಿಂದ ಮೆತ್ತಗಿನ ಮಾತು ಬರುವುದಿಲ್ಲ. ತುಂಬು ಗಬ್ಬದ ಕುದುರೆಯನ್ನು ಸಾರೋಟಿಗೆ ಕಟ್ಟಿ, ಬ್ಯಾಂಡಿನ ಸದ್ದು, ಪಟಾಕಿಯ ಮಧ್ಯೆ ಟಾರು ರಸ್ತೆಯಲ್ಲಿ ನಡೆಸುವುದು ಬೇಡ. ಸ್ಟ್ಯಾಂಡಿನಲ್ಲಿ ಬೇರೆ ಟಾಂಗಾದವರ ಕುದುರೆಯನ್ನು ಆ ನಾಲ್ಕು ದಿನಕ್ಕೆ ಕೇಳಿ, ಸಿಗದಿದ್ದರೆ ದುಡ್ಡು ವಾಪಸ್ ಕೊಡಿ. ಗೌರಿಯನ್ನು ಬೆಳಿಗ್ಗೆ ಸಂಜೆ ಖಾಲಿ ಮೈಯಲ್ಲಿ ನಿಧಾನ ಅಡ್ಡಾಡಿಸಿದರೆ ಒಳ್ಳೆಯದೇ. ಇಷ್ಟು ದಿನ ಗಾಡಿ ಎಳೆಸಿದೆವಲ್ಲ ಎಂದು ನೀವು ಅಳುಕುವುದೂ ಬೇಡ, ಮೊದಲ ತಿಂಗಳುಗಳ ಹದವಾದ ಕೆಲಸದಿಂದ ಕೇಡಾಗುವುದಿಲ್ಲ.

ಗಾಬರಿಯಲ್ಲಿ ಒಮ್ಮೆಲೇ ಹುರುಳಿ, ಬೂಸ ಸುರಿಯಬೇಡಿ, ಹೊಟ್ಟೆಶೂಲೆ ಬಂದೀತು. ಏಳೆಂಟು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಬೂಷ್ಟು ಹಿಡಿದ ಹುಲ್ಲು ಹತ್ತಿರಕ್ಕೂ ಬರಬಾರದು. ಧನುರ್ವಾಯು ಲಸಿಕೆ, ಹುಳದ ಔಷಧಿ ವೈದ್ಯರನ್ನು ಕೇಳಿಯೇ ಕೊಡಿಸಿ. ಹೊಸ ಕುದುರೆ ಯಾವುದನ್ನೂ ಲಾಯಕ್ಕೆ ಸೇರಿಸಬೇಡಿ, ದಿನ ತುಂಬುವ ಮೊದಲೇ ಕಂದು ಹಾಕಿಸುವ ಸೋಂಕು ಹಾಗೆ ಬರುತ್ತದೆ.

ಲಾಯದಲ್ಲಿ ಹನ್ನೆರಡು ಅಡಿ ಉದ್ದ, ಅಷ್ಟೇ ಅಗಲದ ಜಾಗ ತೆರವು ಮಾಡಿ, ಒಣಗಿದ ಭತ್ತದ ಹುಲ್ಲು ದಪ್ಪಗೆ ಹಾಸಿ. ಹಿಂಗಾಲಿಗೆ ಹಗ್ಗ ಕಟ್ಟುವ ಅಭ್ಯಾಸವಿದ್ದರೆ ಇವತ್ತಿಗೆ ಮುಗಿಯಲಿ. ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಂಡರೆ ಸಾಮಾನ್ಯವಾಗಿ ಒಂದೆರಡು ದಿನವಷ್ಟೇ ಬಾಕಿ. ಬಾಲದ ಬುಡದ ಮಾಂಸ ಸಡಿಲವಾಗುತ್ತದೆ. ಕುದುರೆ ಈಯುವುದು ಹೆಚ್ಚಾಗಿ ರಾತ್ರಿ, ಅದೂ ನೀವು ಕಾಫಿಗೆ ಅಂತ ಒಳಗೆ ಹೋದಾಗ! ನೀರು ಒಡೆದ ಮೇಲೆ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಮರಿ ಹೊರಗಿರಬೇಕು: ಮುಂಗಾಲು ಎರಡು, ಒಂದು ಸ್ವಲ್ಪ ಮುಂದೆ, ಅವುಗಳ ಮೇಲೆ ಮೂತಿ. ಹಾಗಲ್ಲದೆ ಬೇರೆ ಏನು ಕಂಡರೂ ವೈದ್ಯರಿಗೆ ಫೋನ್ ಮಾಡಿ. ಮೊದಲು ಕಾಣಬೇಕಾದದ್ದು ಬಿಳಿಯ ಪೊರೆ. ಅದರ ಬದಲು ಕೆಂಪು ಮಖಮಲ್ಲಿನಂಥ ಚೀಲ ಬಂದರೆ ಮರಿಗೆ ಉಸಿರು ನಿಲ್ಲುತ್ತಿದೆ ಎಂದರ್ಥ. ವೈದ್ಯರು ಬರುವವರೆಗೆ ಕಾಯದೆ ತಕ್ಷಣ ಆ ಚೀಲವನ್ನು ಹರಿದುಬಿಡಬೇಕು. ಎಲ್ಲವೂ ಸರಿಯಿದ್ದರೆ ಯಾರೂ ಎಳೆಯಬೇಡಿ, ಹೊಕ್ಕುಳಬಳ್ಳಿ ಕತ್ತರಿಸಬೇಡಿ, ಅದು ತಾನಾಗಿ ಹರಿಯುತ್ತದೆ. ಹರಿದ ತುದಿಗೆ ವೈದ್ಯರು ಕೊಟ್ಟ ಅಯೋಡಿನ್ ದ್ರಾವಣ ಹಚ್ಚಿ.

ಮರಿ ಒಂದು ಗಂಟೆಯೊಳಗೆ ನಿಲ್ಲಬೇಕು, ಎರಡರೊಳಗೆ ಮೊಲೆ ಕುಡಿಯಬೇಕು, ಮೂರರೊಳಗೆ ಮಾಸು ಬೀಳಬೇಕು. ಮಾಸು ಒಳಗೇ ಉಳಿದರೆ ‘ಬೆಳಗಾಗಲಿ ನೋಡೋಣ’ ಅನ್ನಬೇಡಿ. ಹಸುವಿಗೆ ಅದು ಅಷ್ಟು ಬೇಗ ಪ್ರಾಣಕ್ಕೆ ಬರುವುದಿಲ್ಲ, ಕುದುರೆಗೆ ಬರುತ್ತದೆ. ಹಸು ಈದರೆ ಗಿಣ್ಣು ಮಾಡಿ ಓಣಿಗೆಲ್ಲ ಹಂಚುವವರು ನಾವು. ಇಲ್ಲಿ ಒಂದು ತೊಟ್ಟೂ ಮರಿಯದ್ದೇ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ರೋಗ ತಡೆಯುವ ಶಕ್ತಿ ಮರಿಗೆ ಸಿಕ್ಕಿರುವುದಿಲ್ಲ, ಗಿಣ್ಣು ಹಾಲಿನಿಂದಲೇ ಸಿಗಬೇಕು, ಅದೂ ಮೊದಲ ಕೆಲವು ಗಂಟೆಗಳಲ್ಲಿ.

ಇನ್ನೊಂದು ಮಾತು. ಈದ ಒಂದು ವಾರ, ಹತ್ತು ದಿನಕ್ಕೇ ಗೌರಿ ಮತ್ತೆ ಬೆದೆಗೆ ಬರುತ್ತಾಳೆ. ಪಕ್ಕದ ಲಾಯದ ಆ ಗಂಡು ಮರಿ ಈ ಸಲ ನಿರಪರಾಧಿ ನಿಜ, ಆದರೆ ಎರಡು ವರ್ಷ ದಾಟಿದ್ದರೆ ಮುಂದಿನ ಸಲ ಹಾಗೆ ಹೇಳಲಾಗದು. ನಡುವೆ ಗಟ್ಟಿ ಬೇಲಿ ಇರಲಿ.

ಇಷ್ಟೆಲ್ಲ ರಾತ್ರಿ ಕಾವಲು ಒಬ್ಬರಿಂದ ಆಗುವ ಕೆಲಸವಲ್ಲ. ವೈದ್ಯರು ಬಂದು ನೋಡಿದ ದಿನವೇ ಅಣ್ಣನಿಗೆ ನೀವೇ ಫೋನ್ ಮಾಡಿ. ಯಾರದು ತಪ್ಪು ಎಂಬ ಮಾತೇ ತೆಗೆಯಬೇಡಿ. ‘ಇವರು ಮೂರು ರಾತ್ರಿಯಿಂದ ನಿದ್ದೆ ಕೆಟ್ಟಿದ್ದಾರೆ, ನಾಳೆ ರಾತ್ರಿ ನೀನು ಬಾ’ ಅನ್ನಿ, ಸಾಕು. ಲಾಯದ ಬಾಗಿಲಲ್ಲಿ ಎರಡು ಚಾಪೆ ಹಾಸಿ, ಫ್ಲಾಸ್ಕಿನಲ್ಲಿ ಕಾಫಿ ಇಟ್ಟು ನೀವು ಒಳಗೆ ಹೋಗಿ ಮಲಗಿ.