ಸಭೆ ಮುಗಿದ ಮೇಲೆ ಯಾರೂ ಮಾತಾಡಿಸಲಿಲ್ಲ

ಪ್ರಶ್ನೆ: ನನಗೆ 36 ವರ್ಷ. ಮನೆ ವಿಜಯನಗರದಲ್ಲಿ. ಅಪ್ಪ ತೀರಿಕೊಂಡು ಐದು ತಿಂಗಳಾಯಿತು. ದೇವರಲ್ಲಿ ನಂಬಿಕೆ ಇಲ್ಲದ್ದರಿಂದ ನಾನು ಕರ್ಮಕ್ಕೆ ಕೂರಲಿಲ್ಲ. ಚಿಕ್ಕಪ್ಪ ಮಾತು ಬಿಟ್ಟಿದ್ದಾರೆ. ನನ್ನಂಥವರು ಸಿಗಬಹುದು ಅಂತ ದೇವರು-ಧರ್ಮವಿಲ್ಲದೆ ಮನುಷ್ಯರನ್ನೇ ನಂಬುವ ಒಂದು ಮಾನವತಾವಾದಿ ಸಂಘದ ಸಭೆಗೆ ಹೋದೆ. ಎರಡು ಗಂಟೆ ಬಾಬಾಗಳ ಮೋಸದ ಬಗ್ಗೆಯೇ ಮಾತು. ಮುಗಿದ ಮೇಲೆ ಶೂ ಲೇಸ್ ಕಟ್ಟುತ್ತಾ ಬೇಕಂತಲೇ ತಡಮಾಡಿದೆ. ಯಾರೂ ಹೆಸರು ಕೂಡ ಕೇಳಲಿಲ್ಲ. ಇಂಥ ಸಂಘಗಳಿಂದ ಏನು ಉಪಯೋಗ?

ಉತ್ತರ: ಆ ಶೂ ಲೇಸ್ ಮಾತು ಓದಿ ಮನಸ್ಸಿಗೆ ಕಷ್ಟವಾಯಿತು. ದೇವಸ್ಥಾನದಲ್ಲಾದರೆ ಪ್ರಸಾದ ಕೊಡುವ ನೆಪದಲ್ಲಿ "ಯಾವೂರಪ್ಪಾ, ಯಾರ ಮಗ?" ಅಂತ ಒಬ್ಬರಾದರೂ ಕೇಳುತ್ತಿದ್ದರು. ಅದರ ಹಿಂದೆ ಜಾತಿ ತಿಳಿಯುವ ಆಸೆಯೂ ಇರುತ್ತದೆ, ನಿಜ. ಆದರೆ ಜಾತಿ ಕೇಳಬಾರದು ಅಂತ ಹೆಸರನ್ನೂ ಕೇಳದಿದ್ದರೆ ಹೇಗೆ?

ಬೆಂಗಳೂರಿನಲ್ಲಿ ಈ ವಿಚಾರವಾದಿ ಚಳವಳಿ ಬೆಳೆದಿದ್ದು ಪ್ರಶ್ನೆ ಕೇಳುತ್ತಲೇ. ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಆ ಧೈರ್ಯ ಇವತ್ತಿಗೂ ಬೇಕು. ಅಪ್ಪನನ್ನು ಕಳೆದುಕೊಂಡವರಿಗೆ ಮಾತ್ರ ಅಷ್ಟು ಸಾಲದು. ಬ್ರಿಟನ್ನಿನಲ್ಲಿ ಹ್ಯೂಮನಿಸ್ಟ್ಸ್ ಯುಕೆ ಎಂಬ ಮಾನವತಾವಾದಿ ಸಂಸ್ಥೆಯಲ್ಲಿ ತರಬೇತಿ ಪಡೆದವರು ಬಂದು ಧರ್ಮದ ವಿಧಿಗಳಿಲ್ಲದೆ ಅಂತ್ಯಸಂಸ್ಕಾರ ನಡೆಸಿಕೊಡುತ್ತಾರೆ. ಮನೆಯವರ ಜೊತೆ ಕೂತು, ತೀರಿಕೊಂಡವರ ಬದುಕು ಹೇಗಿತ್ತು ಅಂತ ಕೇಳಿಕೊಂಡು, ಬಂದವರ ಮುಂದೆ ಅದನ್ನೇ ಹೇಳುತ್ತಾರೆ. ನಮ್ಮಲ್ಲಿ ಮದುವೆಗೆ, ಪುರೋಹಿತರಿಲ್ಲದೆ ಸರಳವಾಗಿ ನಡೆಯುವ, ಕುವೆಂಪು ಅವರ ಮಂತ್ರ ಮಾಂಗಲ್ಯ ಇದೆ. ಸಾವಿಗೆ ಅಂಥದ್ದು ಅಷ್ಟಾಗಿ ರೂಢಿಯಾಗಿಲ್ಲ.

ಆದ್ರೂ ಇನ್ನೊಂದು ಸಲ ಹೋಗಿ. ಈ ಸಲ ಸುಮ್ನೆ ಕೂತು ಬರಬೇಡಿ. ಹಿಂದಿನ ದಿನವೇ ಸಂಚಾಲಕರಿಗೆ ಫೋನ್ ಮಾಡಿ. "ಅಪ್ಪ ಹೋದರು, ಕರ್ಮ ಮಾಡಲಿಲ್ಲ, ಮನೆಯವರು ಮುನಿಸಿಕೊಂಡಿದ್ದಾರೆ. ಇದನ್ನು ದಾಟಿ ಬಂದವರು ಯಾರಾದ್ರೂ ಇದ್ದಾರಾ?" ಅಂತ ಕೇಳಿ. ಅಲ್ಲಿನ ತಲೆ ನರೆತವರಲ್ಲಿ ತಿಥಿ ವಿಷಯಕ್ಕೆ ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟು, ಮತ್ತೆ ಒಂದಾದವರು ಖಂಡಿತ ಇರುತ್ತಾರೆ. ನಿಮಗೆ ಭಾಷಣಕ್ಕಿಂತ ಜಾಸ್ತಿ ಬೇಕಿರುವುದು ಅವರ ಜೊತೆ ಒಂದು ಲೋಟ ಕಾಫಿ.

ವರ್ಷ ತುಂಬಲು ಇನ್ನೂ ಏಳು ತಿಂಗಳಿದೆ. ಅವತ್ತು ನಾಲ್ಕು ಜನರನ್ನು ಮನೆಗೆ ಕರೆಯಿರಿ. ಅಪ್ಪನಿಗೆ ಇಷ್ಟವಾದ ಅಡುಗೆ ಮಾಡಿಸಿ. ಬಂದವರು ಅವರ ಬಗ್ಗೆ ಒಂದೊಂದು ನೆನಪು ಹೇಳಲಿ. ಮನೆಯಲ್ಲಿ ಯಾರಾದರೂ ಫೋಟೊಗೆ ಹೂ ಹಾಕಿ ದೀಪ ಹಚ್ಚಿದರೆ ತಡೆಯಬೇಡಿ. ಚಿಕ್ಕಪ್ಪನ ಮನೆಗೆ ನೀವೇ ಹೋಗಿ ಕರೆಯಿರಿ. ಅವರೂ ಅಣ್ಣನನ್ನು ಕಳೆದುಕೊಂಡವರು, ಅಲ್ವಾ? ಅಪ್ಪ ಚಿಕ್ಕ ಹುಡುಗನಾಗಿದ್ದಾಗ ಹೇಗಿದ್ದರು ಅಂತ ಅವರನ್ನೇ ಕೇಳಿ.