ಕ್ರೋಶಾ ಅಂಚು, ಉಣ್ಣೆಯ ಫೆಲ್ಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಡಬಲ್ ಕ್ರೋಶಾದಲ್ಲಿ ಮಫ್ಲರ್ ಹಾಕುತ್ತಿದ್ದೇನೆ. 30 ಹೊಲಿಗೆಯಿಂದ ಶುರು ಮಾಡಿದ್ದು, ಹತ್ತನೇ ಸಾಲಿಗೆ ಬರುವಷ್ಟರಲ್ಲಿ ತೀರಾ ಕಿರಿದಾಗಿದೆ. ದಾರ ಬಿಗಿಯಾಗಿ ಎಳೆಯುತ್ತಿದ್ದೇನೆಯೇ?

ಉತ್ತರ: ಬಿಗಿಯನ್ನು ದೂರುವ ಮೊದಲು ಹೊಲಿಗೆ ಎಣಿಸಿ. ಹತ್ತನೇ ಸಾಲಿನಲ್ಲಿ 21 ಸಿಕ್ಕರೆ ಸಾಲಿಗೊಂದರಂತೆ ಕಳೆದುಹೋಗಿದೆ. ಡಬಲ್ ಕ್ರೋಶಾದಲ್ಲಿ ತಿರುಗಿದ ಕೂಡಲೇ ಹಾಕುವ 3 ಚೈನನ್ನೇ ಮೊದಲ ಹೊಲಿಗೆಯೆಂದು ಲೆಕ್ಕ ಹಿಡಿಯುತ್ತೇವೆ. ಆದ್ದರಿಂದ ಅದರ ಬುಡದ ಹೊಲಿಗೆ ಬಿಟ್ಟು ಎರಡನೆಯದರಲ್ಲಿ ಕಡ್ಡಿ ಚುಚ್ಚಬೇಕು. ಸಾಲಿನ ಕೊನೆಯ ಹೊಲಿಗೆಯಾದರೋ ಹಿಂದಿನ ಸಾಲಿನ ಆ 3 ಚೈನಿನ ತುದಿಯಲ್ಲಿ ಬೀಳಬೇಕು. ಅದು ಓರೆಯಾಗಿ ವಾಲಿಕೊಂಡು ಹೊಲಿಗೆಯಂತೆ ಕಾಣುವುದೇ ಇಲ್ಲ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಮೂರನೇ ಚೈನ್ ಹಾಕಿದಾಗಲೇ ಅದಕ್ಕೊಂದು ಸೇಫ್ಟಿ ಪಿನ್ ಸಿಕ್ಕಿಸಿಬಿಡಿ, ಮರಳಿ ಬಂದಾಗ ಜಾಗ ಹುಡುಕಬೇಕಿಲ್ಲ. ಬುಡದ ಹೊಲಿಗೆಯಲ್ಲೂ ಚುಚ್ಚಿದರೆ ಸಾಲಿಗೊಂದು ಹೆಚ್ಚಾಗಿ ಮಫ್ಲರ್ ಅಗಲವಾಗುತ್ತಾ ಹೋಗುತ್ತದೆ.

ಎಣಿಕೆ ಸರಿಯಿದ್ದು ಬುಡದ ಅಂಚು ಮಾತ್ರ ಸೆಳೆದುಕೊಂಡಿದ್ದರೆ ಆಗ ಬಿಗಿಯೇ ಕಾರಣ. ಆರಂಭದ ಚೈನನ್ನಷ್ಟೇ ದಪ್ಪ ಕಡ್ಡಿಯಲ್ಲಿ ಹಾಕಿ: 4 ಮಿ.ಮೀ. ಬಳಸುವವರು 5 ಮಿ.ಮೀ. ಹಿಡಿಯಬಹುದು.

ಪ್ರಶ್ನೆ: ಸಿಂಗಲ್ ಕ್ರೋಶಾದ ದುಂಡು ಮ್ಯಾಟ್ ಬಟ್ಟಲಿನಂತೆ ಮೇಲೇಳುತ್ತಿದೆ.

ಉತ್ತರ: ಸುತ್ತಿಗೆ ಆರು ಹೊಲಿಗೆ ಹೆಚ್ಚಬೇಕು: 6, 12, 18, 24. ಕಡಿಮೆಯಾದರೆ ಬಟ್ಟಲು, ಹೆಚ್ಚಾದರೆ ನೆರಿಗೆ.

ಪ್ರಶ್ನೆ: ಕ್ರೋಶಾ ಚೀಲವನ್ನು ಬಿಸಿನೀರಲ್ಲಿ ಉಜ್ಜಿದರೂ ಫೆಲ್ಟ್ ಆಗಲಿಲ್ಲ. ಏಕೆ?

ಉತ್ತರ: ದಾರದ ಲೇಬಲ್ ನೋಡಿ. ಅಕ್ರಿಲಿಕ್ ಎಂದಿದ್ದರೆ ಎಷ್ಟು ಉಜ್ಜಿದರೂ ವ್ಯರ್ಥ. ಉಣ್ಣೆಯ ಎಳೆಯ ಮೈಮೇಲೆ ಸಣ್ಣ ಹುರುಪೆಗಳಿರುತ್ತವೆ; ಬಿಸಿನೀರು, ಸೋಪು, ತಿಕ್ಕಾಟ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಟ್ಟಿಯಾಗುತ್ತದೆ. 'ಸೂಪರ್‌ವಾಷ್' ಉಣ್ಣೆಯಲ್ಲಿ ಈ ಹುರುಪೆಗಳನ್ನು ಸವೆಸಿರುತ್ತಾರೆ ಇಲ್ಲವೇ ಲೇಪನದಿಂದ ಮುಚ್ಚಿರುತ್ತಾರೆ, ಅದೂ ಬೇಡ.

ದಾರ ಸರಿಯಿದ್ದೂ ಫೆಲ್ಟ್ ಆಗದಿದ್ದರೆ, ನಿಮ್ಮ ಹೆಣಿಗೆ ತೀರಾ ಒತ್ತಾಗಿದ್ದುದೇ ಕಾರಣವಿರಬಹುದು. ಎಳೆಗಳಿಗೆ ಸರಿದಾಡಲು ಜಾಗ ಬೇಕು, 5 ಮಿ.ಮೀ. ಕಡ್ಡಿಯ ದಾರಕ್ಕೆ 6.5 ಮಿ.ಮೀ. ಹಿಡಿದು ಸಡಿಲವಾಗಿ ಹೆಣೆಯಿರಿ. ಚೀಲಕ್ಕೆ ಮುನ್ನ 15 ಸೆಂ.ಮೀ. ಚೌಕದ ತುಂಡೊಂದನ್ನು ಫೆಲ್ಟ್ ಮಾಡಿ, ಉದ್ದ ಅಗಲ ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ. ಎರಡೂ ಸಮನಾಗಿ ಕುಗ್ಗುವುದಿಲ್ಲ. ಹೊಲಿಗೆಗಳ ಗುರುತು ಮಾಸಿದೊಡನೆ ನಿಲ್ಲಿಸಿ ತಣ್ಣೀರಲ್ಲಿ ಸೋಪು ತೆಗೆಯಿರಿ. ಹೆಚ್ಚು ಕುಗ್ಗಿದ್ದನ್ನು ಮತ್ತೆ ಮೊದಲಿನಂತೆ ಹಿಗ್ಗಿಸಲಾಗದು. ಒದ್ದೆಯಿರುವಾಗಲೇ ತಕ್ಕ ಅಳತೆಯ ಡಬ್ಬಿಗೆ ತೊಡಿಸಿ ನೆರಳಲ್ಲಿ ಒಣಗಿಸಿ.