ಪದ್ಯ ಭಾಗವತರದು, ಹೆಜ್ಜೆ ನಿಮ್ಮದು

ಪ್ರಶ್ನೆ: ನಾನು ಹೊನ್ನಾವರ ತಾಲ್ಲೂಕಿನವನು, ವಯಸ್ಸು 24. ಬಡಗುತಿಟ್ಟಿನ ಯಕ್ಷಗಾನ ಮೇಳವೊಂದರಲ್ಲಿ ನಾಲ್ಕು ತಿರುಗಾಟ, ಅಂದರೆ ನಾಲ್ಕು ಆಟದ ಋತು, ಸ್ತ್ರೀವೇಷ ಮಾಡಿದ್ದೇನೆ. ಕಳೆದ ಮಳೆಗಾಲದಲ್ಲಿ ಬೆಂಗಳೂರಿಗೆ ಆಟಕ್ಕೆ ಹೋದಾಗ ಸ್ನೇಹಿತನೊಬ್ಬ ಡ್ರ್ಯಾಗ್ ಪ್ರದರ್ಶನಕ್ಕೆ ಕರೆದೊಯ್ದ. ಗಂಡಸರು ಹೆಣ್ಣುವೇಷದಲ್ಲಿ ಬಂದು ಹಾಡಿದರು, ಕುಣಿದರು, ಮಾತಿನಲ್ಲೇ ಸಭೆಯನ್ನು ನಗಿಸಿದರು. ನನ್ನಿಂದಲೂ ಇದು ಆಗುತ್ತದೆ ಅನ್ನಿಸಿತು. ಇದನ್ನೇ ವೃತ್ತಿಯಾಗಿ ಹಿಡಿದು ನಟನೆ ಮತ್ತು ಸಂಗೀತ ಎರಡರಲ್ಲೂ ಬೆಳೆಯಬಹುದೇ? ಅಪ್ಪಯ್ಯನಿಗೆ ಏನೆಂದು ಹೇಳಲಿ?
– ಹೆಸರು ಬೇಡ, ಹೊನ್ನಾವರ

ಉತ್ತರ: ಬೆಳೆಯಬಹುದು. ಆದರೆ ಮೊದಲು ನಿಮ್ಮ ಗಂಟಿನಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಬಿಚ್ಚಿ ನೋಡಿಕೊಳ್ಳಿ. ನಾಲ್ಕು ತಿರುಗಾಟ ಎಂದರೆ ನೂರಾರು ರಾತ್ರಿ ಬಣ್ಣ ಹಚ್ಚುವ ಚೌಕಿಯಲ್ಲಿ ಕುಳಿತು ನಿಮ್ಮ ಮುಖಕ್ಕೆ ನೀವೇ ಬಣ್ಣ ಬರೆದುಕೊಂಡಿದ್ದೀರಿ, ಬರೆದಿಟ್ಟ ಸಂಭಾಷಣೆಯಿಲ್ಲದೆ ಎದುರು ವೇಷದವರ ಮಾತಿಗೆ ಆ ಕ್ಷಣದಲ್ಲೇ ಅರ್ಥ ಹೇಳಿದ್ದೀರಿ, ಬೆಳಗಿನ ಜಾವ ತೂಕಡಿಸುವ ಸಭೆಯನ್ನು ಎಬ್ಬಿಸಿ ಕೂರಿಸಿದ್ದೀರಿ. ಡ್ರ್ಯಾಗ್ ವೇದಿಕೆಯಲ್ಲಿ ಮೈಕು ಹಿಡಿದು ಎದುರಿಗಿದ್ದವರ ಜೊತೆ ಮಾತಿಗಿಳಿಯುವುದು ದೊಡ್ಡ ವಿದ್ಯೆ. ಅದು ನಿಮಗೆ ಮುಕ್ಕಾಲು ಪಾಲು ಬಂದಿದೆ.

ಇಲ್ಲದಿರುವುದು ಹಾಡು. ಇದನ್ನು ನಾನು ಕಲಿತದ್ದು ಒಂದು ಮುಜುಗರದ ರಾತ್ರಿಯಲ್ಲಿ. ಪ್ರಾಯದಲ್ಲಿ ನಾನೂ ಕೆಲವು ವರ್ಷ ಸ್ತ್ರೀವೇಷ ಮಾಡಿದವನು. ಕುಮಟಾ ಸೀಮೆಯ ಗದ್ದೆ ಬಯಲಿನ ಆಟವೊಂದರಲ್ಲಿ ದಮಯಂತಿಯಾಗಿ ನಿಂತಿದ್ದಾಗ, ರಾತ್ರಿ ಮೂರರ ಹೊತ್ತಿಗೆ ಪದ್ಯ ಹಾಡುವ ಭಾಗವತರ ಗಂಟಲು ಕಟ್ಟಿತು. ಮದ್ದಳೆಯವರು ನಾಲ್ಕು ಆವರ್ತ ಬಿಟ್ಟಿ ನುಡಿಸಿ ಸಂಭಾಳಿಸಿದರು. ಎತ್ತಿದ ಕೈ ಎತ್ತಿದಲ್ಲೇ ಇತ್ತು. ಕಣ್ಣಲ್ಲಿ ತಂದುಕೊಂಡಿದ್ದ ದುಃಖ ಎಲ್ಲಿಗೋ ಹೋಯಿತು. ಹಿಂದಿನಿಂದ ಶಿಷ್ಯ ಭಾಗವತರು ಪದ್ಯ ಎತ್ತಿಕೊಂಡ ಮೇಲೆಯೇ ನನ್ನ ದಮಯಂತಿಗೆ ಜೀವ ಬಂದದ್ದು. ಸ್ತ್ರೀವೇಷದ ಅರ್ಧ ಪಾಲು ಭಾಗವತರ ಗಂಟಲಿನಲ್ಲಿರುತ್ತದೆ. ನಾವು ಅದನ್ನು ನಮ್ಮದೆಂದೇ ತಿಳಿದಿರುತ್ತೇವೆ.

ಡ್ರ್ಯಾಗ್ ಪ್ರದರ್ಶನಗಳಲ್ಲಿ ಬೇರೆಯವರ ಹಾಡಿಗೆ ತುಟಿ ಕೂಡಿಸಿ ಅಭಿನಯಿಸುವ ಲಿಪ್ ಸಿಂಕ್ ಬಹಳ ಬಳಕೆಯಲ್ಲಿದೆ. ನಿಮಗೆ ಅದು ಸುಲಭಕ್ಕೆ ಒಲಿಯುತ್ತದೆ, ಅಪಾಯವಿರುವುದೂ ಅಲ್ಲೇ. ಆ ರಾತ್ರಿಯ ಸಂಭಾವನೆಗೆ ಅದು ಸಾಕು. ಸಂಗೀತದವರು ನಿಮ್ಮನ್ನು ಕರೆಯಬೇಕಾದರೆ ಸಾಲದು.

ಹೆಣ್ಣುವೇಷದಲ್ಲಿ ನಟನೆ, ಸಂಗೀತ ಎರಡನ್ನೂ ಬದುಕಾಗಿಸಿಕೊಂಡವರಲ್ಲಿ ಮೊದಲು ನೆನಪಾಗುವವರು ಮರಾಠಿ ಸಂಗೀತ ನಾಟಕಗಳ ಬಾಲಗಂಧರ್ವರು. ನಾರಾಯಣ ಶ್ರೀಪಾದ ರಾಜಹಂಸ ಎಂಬುದು ಅವರ ಮೂಲ ಹೆಸರು. ಕಾಲ 1888ರಿಂದ 1967. ಅವರು ಉಟ್ಟ ಸೀರೆ, ತೊಟ್ಟ ಒಡವೆಗಳನ್ನು ನೋಡಿ ಅಂದಿನ ಹೆಂಗಸರು ಅಂಥದ್ದನ್ನೇ ಮಾಡಿಸಿಕೊಳ್ಳುತ್ತಿದ್ದರಂತೆ. ಆದರೆ ವೇಷ ಕಳಚಿದ ಮೇಲೂ ಅವರ ಗಾಯನ ಉಳಿಯಿತು, ಇಂದಿಗೂ ಜನ ಕೇಳುತ್ತಾರೆ. 1964ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಅಮೆರಿಕದ ಬಾಲ್ಟಿಮೋರಿನ ಹ್ಯಾರಿಸ್ ಗ್ಲೆನ್ ಮಿಲ್‌ಸ್ಟೆಡ್ ಅವರ ಕಥೆ ಇನ್ನೊಂದು ಬಗೆಯದು. ‘ಡಿವೈನ್’ ಎಂಬ ಹೆಸರಿನಲ್ಲಿ 1970ರ ದಶಕದ ಪುಂಡುತನದ ಚಿತ್ರಗಳಿಂದ ಹೆಸರು ಮಾಡಿದ ಅವರು ಮುಂದೆ ಡಿಸ್ಕೋ ಹಾಡುಗಾರರೂ ಆದರು; 1984ರಲ್ಲಿ ಅವರ ಹಾಡೊಂದು ಬ್ರಿಟನ್ನಿನ ಮೊದಲ ಇಪ್ಪತ್ತರ ಪಟ್ಟಿಗೆ ಏರಿತು. ಆದರೂ ತನ್ನನ್ನು ಬರೀ ಹೆಣ್ಣುವೇಷದವನೆಂದು ನೋಡದೆ ನಟನೆಂದು ನೋಡಲಿ ಎಂಬ ಹಂಬಲ ಅವರನ್ನು ಬಿಡಲಿಲ್ಲ. 1988ರ ‘ಹೇರ್‌ಸ್ಪ್ರೇ’ ಚಿತ್ರದಲ್ಲಿ ಗೃಹಿಣಿಯ ಪಾತ್ರದ ಜೊತೆಗೆ ಒಂದು ಗಂಡು ಪಾತ್ರವನ್ನೂ ಮಾಡಿ ಮೆಚ್ಚುಗೆ ಪಡೆದರು. ಆ ಚಿತ್ರ ತೆರೆಕಂಡ ಕೆಲವೇ ವಾರಗಳಲ್ಲಿ, ಟೀವಿ ಧಾರಾವಾಹಿಯೊಂದರ ಗಂಡು ಪಾತ್ರದ ಚಿತ್ರೀಕರಣ ಇನ್ನೇನು ಶುರುವಾಗಬೇಕೆನ್ನುವಾಗ, 42ನೇ ವಯಸ್ಸಿನಲ್ಲಿ ತೀರಿಕೊಂಡರು. ಒಂದು ವೇಷ ಬಹಳ ಗೆದ್ದರೆ ಅದರಿಂದ ಹೊರಬರುವುದು ಎಷ್ಟು ಕಷ್ಟವೆಂದು ನಮ್ಮ ಮೇಳಗಳಲ್ಲಿ ಒಂದೇ ಬಗೆಯ ಪಾತ್ರಕ್ಕೆ ಅಂಟಿಹೋದ ಕಲಾವಿದರನ್ನು ಕೇಳಿದರೂ ಹೇಳುತ್ತಾರೆ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಪುರುಷವೇಷವನ್ನು ಕೇಳಿ ಮಾಡಿ.

ನಮ್ಮ ಕಾಲದ ಅಮೆರಿಕದ ಡ್ರ್ಯಾಗ್ ಕಲಾವಿದ ರೂಪಾಲ್ 1993ರ ಹೊತ್ತಿಗೆ ನೃತ್ಯಗೀತೆಯೊಂದರಿಂದ ಪ್ರಸಿದ್ಧರಾದರು. ಡ್ರ್ಯಾಗ್ ಕಲಾವಿದರ ಟೀವಿ ಸ್ಪರ್ಧೆಯನ್ನು ನಡೆಸಲು ಆರಂಭಿಸಿದ್ದು 2009ರಲ್ಲಿ. ನಡುವೆ ಹದಿನಾರು ವರ್ಷಗಳಿವೆ. ನಮ್ಮಲ್ಲಿ ಸುಶಾಂತ್ ದಿವಗೀಕರ್ 2018ರಲ್ಲಿ ‘ರಾಣಿ ಕೋಹಿನೂರ್’ ಆಗಿ ಹಿಂದಿಯ ಗಾಯನ ಸ್ಪರ್ಧೆಯ ವೇದಿಕೆಗೆ ಬಂದು, ಗಂಡು ದನಿ ಹೆಣ್ಣು ದನಿ ಎರಡರಲ್ಲೂ ಹಾಡಿ ಗಮನ ಸೆಳೆದರು. ಬೆಂಗಳೂರಿನಲ್ಲಿ ಅಲೆಕ್ಸ್ ಮ್ಯಾಥ್ಯೂ ‘ಮಾಯಾ’ ಎಂಬ ಪಾತ್ರವನ್ನು ಸೀರೆ ಉಡಿಸಿಯೇ ವೇದಿಕೆಗೆ ತಂದವರು.

ಈಗ ಕೆಲಸದ ಮಾತು. ಗಂಡು ಕಂಠಕ್ಕೆ ಹಾರ್ಮೋನಿಯಂನ ಕಪ್ಪು ಮನೆಗಳಲ್ಲಿ ಕಪ್ಪು ಒಂದರ ಆಸುಪಾಸಿನ ಶ್ರುತಿ ಒಗ್ಗುತ್ತದೆ, ಹೆಣ್ಣು ಕಂಠಕ್ಕೆ ಕಪ್ಪು ನಾಲ್ಕು, ಐದು. ನೀವು ಮೊದಲ ದಿನವೇ ಕಪ್ಪು ನಾಲ್ಕಕ್ಕೆ ಹಾರಿ ಕೀರಲು ದನಿ ಮಾಡಿಕೊಂಡರೆ ಗಂಟಲು ಕೆಡುತ್ತದೆ, ಅರ್ಥ ಹೇಳುವ ದನಿಯೂ ಹೋಗುತ್ತದೆ. ನಿಮ್ಮ ಸಹಜ ಶ್ರುತಿಯಲ್ಲಿ ಮಂದ್ರದ, ಅಂದರೆ ಕೆಳಗಿನ ಸ್ವರಗಳ, ಸಾಧನೆಯಿಂದ ಆರಂಭಿಸಿ, ಹೆಣ್ಣಿನಂಥ ತೆಳು ಏರುದನಿಯಾದ ಕಳ್ಳದನಿಯನ್ನು ಗುರುಗಳ ಎದುರಿನಲ್ಲೇ ನಿಧಾನಕ್ಕೆ ಬೆಳೆಸಿ. ಹೊನ್ನಾವರ, ಕುಮಟಾ, ಶಿರಸಿಯ ಸುತ್ತ ಹಿಂದೂಸ್ತಾನಿ ಕಲಿಸುವವರಿಗೆ ಬರವಿಲ್ಲ. ಏತಕ್ಕಾಗಿ ಕಲಿಯುತ್ತಿದ್ದೀರೆಂದು ಅವರಿಗೆ ನಿಜ ಹೇಳಿ. ಸುಳ್ಳು ಹೇಳಿ ಕಲಿತ ವಿದ್ಯೆಯಲ್ಲಿ ಸಂಕೋಚ ಉಳಿದುಬಿಡುತ್ತದೆ.

ನಟನೆಯಲ್ಲಿ ಕಲಿಯುವುದಕ್ಕಿಂತ ಬಿಡುವುದೇ ಹೆಚ್ಚು. ಬಯಲಿನ ಕಡೆಯ ಸಾಲಿನವರಿಗೆ ಕಾಣುವಂತೆ ತಿರುಗಿಸುವ ಕಣ್ಣು ಕ್ಯಾಮೆರಾದ ಎದುರು ಅತಿಯಾಗುತ್ತದೆ. ಸಾಗರದ ಹತ್ತಿರದ ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷದ ರಂಗಶಿಕ್ಷಣವಿದೆ; ಸಾಧ್ಯವಾದರೆ ಅರ್ಜಿ ಹಾಕಿ. ಬಣ್ಣವೂ ಬೇರೆಯದೇ: ಡ್ರ್ಯಾಗ್‌ನಲ್ಲಿ ನಿಜವಾದ ಹುಬ್ಬನ್ನು ಅಂಟಿನಿಂದ ಪದರ ಪದರವಾಗಿ ಒತ್ತಿ ಮಲಗಿಸಿ, ಪೌಡರಿನಲ್ಲಿ ಮುಚ್ಚಿ, ಅದರ ಮೇಲ್ಗಡೆ ಹೊಸ ಹುಬ್ಬು ಬರೆಯುತ್ತಾರೆ. ಇನ್ನೊಂದು ಮಾತು, ನಿಷ್ಠುರವೆನಿಸಿದರೂ ಹೇಳುತ್ತೇನೆ: ಮೇಳದ ಪೆಟ್ಟಿಗೆಯ ಒಡವೆ, ಸೀರೆಗಳನ್ನು ಆ ವೇದಿಕೆಗೆ ಒಯ್ಯಬೇಡಿ. ಅವು ಚೌಕಿಯ ಗಣಪತಿಯ ಎದುರು ಬಿಚ್ಚುವ ಸಾಮಾನುಗಳು, ಅಲ್ಲದೆ ನಿಮ್ಮವಲ್ಲ.

ಮೇಳವನ್ನು ಈಗಲೇ ಬಿಡಬೇಡಿ. ತಿರುಗಾಟ ಮುಗಿದು ಮತ್ತೆ ಗೆಜ್ಜೆ ಕಟ್ಟುವವರೆಗಿನ ಮಳೆಗಾಲದ ತಿಂಗಳುಗಳನ್ನು ಎರಡು ಮೂರು ವರ್ಷ ಇದಕ್ಕೆ ಕೊಟ್ಟು ನೋಡಿ.

ಅಪ್ಪಯ್ಯನ ವಿಷಯ. 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರ ತಾಲ್ಲೂಕು ನಿಮ್ಮದು. ಕೆರೆಮನೆ ಗಜಾನನ ಹೆಗಡೆಯವರ ಸ್ತ್ರೀವೇಷವನ್ನು ಕಣ್ಣರಳಿಸಿ ನೋಡಿದ ಊರಿನವರಿಗೆ ಗಂಡಸು ಸೀರೆ ಉಡುವುದು ಹೊಸತಲ್ಲ. ನಿಮ್ಮ ತಂದೆಯವರಿಗೆ ಹೊಸತೆನಿಸುವುದು ಪುರಾಣದ ಹೆಸರಿಲ್ಲದ ಹೆಣ್ಣುವೇಷ. ಡ್ರ್ಯಾಗ್ ಎಂಬ ಶಬ್ದವನ್ನು ಮೊದಲು ಹೇಳಿ ಆಮೇಲೆ ವಿವರಿಸಲು ಹೋಗಬೇಡಿ. ಒಂದು ಸಂಜೆ ಮನೆಯ ಜಗಲಿಯಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಒಂದು ಪದ ಹಾಡಿ. ಹಾಡು ಕಲಿಯುತ್ತಿರುವುದು ಏತಕ್ಕೆಂದು ಅವರೇ ಕೇಳಿದಾಗ ಪೂರ್ತಿ ಹೇಳಿ.

ಪ್ರಶ್ನೆ: ನನ್ನ ತಮ್ಮ ಹೆಣ್ಣುವೇಷದಲ್ಲಿ ಹಾಡುವ ವಿಡಿಯೊಗಳನ್ನು ಹಾಕುತ್ತಾನೆ. ಹೀಗೆ ವೇಷ ಹಾಕುವವರೆಲ್ಲ ಟ್ರಾನ್ಸ್‌ಜೆಂಡರ್ ಇರುತ್ತಾರೆಯೇ? ಆಯಿ ದಿನಾ ಕಣ್ಣೀರಿಡುತ್ತಾಳೆ.
– ಒಬ್ಬ ಅಕ್ಕ, ಶಿರಸಿ

ಉತ್ತರ: ಇಲ್ಲ, ತಂಗಿ. ಡ್ರ್ಯಾಗ್ ಒಂದು ಪ್ರದರ್ಶನ. ಬಣ್ಣ ತೊಳೆದ ಮೇಲೆ ಮುಗಿಯುತ್ತದೆ. ಟ್ರಾನ್ಸ್‌ಜೆಂಡರ್ ಎಂಬುದು ವ್ಯಕ್ತಿ ತನ್ನನ್ನು ಏನೆಂದು ಅರಿತಿದ್ದಾನೆ ಅಥವಾ ಅರಿತಿದ್ದಾಳೆ ಎಂಬ ಬದುಕಿನ ಸಂಗತಿ. ಎರಡೂ ಒಬ್ಬರಲ್ಲೇ ಇರಬಹುದು, ಇಲ್ಲದೆಯೂ ಇರಬಹುದು. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರು ಸೀರೆ ಉಡುವುದು ವೇಷವಲ್ಲ, ಅದು ಅವರ ಬದುಕು. ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಿಮ್ಮ ತಮ್ಮ ಯಾವುದೆಂದು ಅವನೇ ಹೇಳಬೇಕು, ಹೇಳುವಂತೆ ಅವಸರಪಡಿಸಬಾರದು. ಆಯಿಗೆ ಸದ್ಯ ಅವನ ಹಾಡು ಹೇಗಿದೆ ಎಂದು ಕೇಳಿ ನೋಡಿ.

ಪ್ರಶ್ನೆ: ಹೋಟೆಲಿನ ಕಾರ್ಯಕ್ರಮದಲ್ಲಿ ಸಿನಿಮಾ ಹಾಡಿಗೆ ಲಿಪ್ ಸಿಂಕ್ ಮಾಡಿದರೆ ಹಕ್ಕಿನ ತಕರಾರು ಬರುತ್ತದೆಯೇ? ನನ್ನದೇ ಹಾಡು ಧ್ವನಿಮುದ್ರಿಸಿದರೆ?
– ಕಾರವಾರದ ಓದುಗ

ಉತ್ತರ: ಧ್ವನಿಮುದ್ರಿತ ಹಾಡನ್ನು ಸಾರ್ವಜನಿಕವಾಗಿ ನುಡಿಸಲು ಪರವಾನಗಿ ಬೇಕು. ಸಾಮಾನ್ಯವಾಗಿ ಅದನ್ನು ಹೋಟೆಲಿನವರು ಪಡೆದಿರುತ್ತಾರೆ. ಒಪ್ಪಿಕೊಳ್ಳುವ ಮೊದಲು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅದೇ ವಿಡಿಯೊವನ್ನು ಅಂತರ್ಜಾಲಕ್ಕೆ ಹಾಕುವಾಗ ಆ ಪರವಾನಗಿ ನೆರವಿಗೆ ಬರುವುದಿಲ್ಲ. ದಾಸರ ಪದಗಳನ್ನೂ ಹಳೆಯ ಪ್ರಸಂಗದ ಪದ್ಯಗಳನ್ನೂ ನೀವೇ ಹಾಡಿದರೆ ಸಾಹಿತ್ಯಕ್ಕೆ ತಕರಾರಿಲ್ಲ, ಆದರೆ ಇತ್ತೀಚೆಗೆ ಬೇರೊಬ್ಬರು ಹಾಡಿದ ಧ್ವನಿಮುದ್ರಣವನ್ನು ಬಳಸುವಂತಿಲ್ಲ. ಸ್ವಂತ ಹಾಡಾದರೆ, ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದ ಪಾಲು ಕೈತಪ್ಪದಂತೆ 2012ರ ಕೃತಿಸ್ವಾಮ್ಯ ತಿದ್ದುಪಡಿ ನೋಡಿಕೊಂಡಿದೆ. ಪ್ರದರ್ಶಕನಾಗಿ ನಿಮಗಿರುವ ಹಕ್ಕು 50 ವರ್ಷ ಬಾಳುತ್ತದೆ. ಸ್ಟುಡಿಯೊದವರು ಮುಂದಿಡುವ ಕಾಗದದಲ್ಲಿ ‘ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಟ್ಟಿದ್ದೇನೆ’ ಎಂಬ ಸಾಲಿದ್ದರೆ ಸಹಿ ಹಾಕದೆ ಮನೆಗೆ ತನ್ನಿ, ವಕೀಲರೊಬ್ಬರಿಗೆ ತೋರಿಸಿ.